ಕಂಬಳಿಯಿಲ್ಲದ ಹುಳು

ಸುಳಿವು ಮೊದಲು ಸಿಗುವುದು ಗಿಡದ ಬುಡದಲ್ಲಿ. ಮೆಣಸಿನ ಕಾಳಿನಷ್ಟು ದಪ್ಪನೆಯ, ಉದ್ದಕ್ಕೂ ಗೀರುಗಳಿರುವ ಹಿಕ್ಕೆ ಬಿದ್ದಿದ್ದರೆ ಅದರ ನೇರಕ್ಕೆ ತಲೆಯೆತ್ತಬೇಕು. ಎಲೆ ಕಳೆದುಕೊಂಡ ಕಡ್ಡಿಗಳು ಕಾಣುತ್ತವೆ, ಹುಳು ಕಾಣುವುದಿಲ್ಲ. ಬೆರಳು ಗಾತ್ರದ ಪ್ರಾಣಿ ಕಣ್ಣೆದುರೇ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಕಂಡ ಮೇಲೆ, ಇಷ್ಟು ಹೊತ್ತು ಏನು ನೋಡುತ್ತಿದ್ದೆನೋ ಎಂದು ನಾಚಿಕೆಯಾಗುತ್ತದೆ.

ನಾವು ಇಂಥವನ್ನೆಲ್ಲ ಕಂಬಳಿಹುಳು ಎಂದುಬಿಡುತ್ತೇವೆ. ಹಾಕ್‌ಮಾತ್ ಪತಂಗದ ಮರಿಗೆ ಹೊದೆಯಲು ಕಂಬಳಿಯೇ ಇಲ್ಲ, ನುಣುಪು ಮೈ. ಬದಲಿಗೆ ಬಾಲದ ಬಳಿ ಒಂದು ಕೊಂಬು. ಅದು ಚುಚ್ಚುವುದಿಲ್ಲ, ಬರಿಯ ಠೀವಿ. ಕೆಣಕಿದರೆ ಎದೆಯೆತ್ತಿ, ತಲೆಯನ್ನು ಒಳಗೆಳೆದುಕೊಂಡು ಗಂಭೀರವಾಗಿ ಕೂರುತ್ತದೆ. ಈಜಿಪ್ಟಿನ ಸಿಂಹದ ಮೈಯ, ಮನುಷ್ಯ ತಲೆಯ ಪ್ರತಿಮೆಯಾದ ಸ್ಫಿಂಕ್ಸ್‌ನ ಹೆಸರು ಇದಕ್ಕೆ ಅಂಟಿದ್ದು ಆ ಭಂಗಿಯಿಂದ; ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ರೂಪಿಸಿದ ಲಿನೇಯಸ್ 1758ರಲ್ಲಿ ಅದನ್ನೇ ಕುಲನಾಮವಾಗಿಸಿದ.

ಕೊಂಬು ಕಂಡರೆ ಮನೆತನ ತಿಳಿಯಿತು. ಆದರೆ ಆ ಮನೆತನದಲ್ಲಿ ಸುಮಾರು 1,450 ಪ್ರಭೇದಗಳಿವೆ! ನಾನು ಮೊದಮೊದಲು ಬಣ್ಣವನ್ನು ನಂಬಿದೆ. ಗೆಣಸಿನ ಬಳ್ಳಿಯಲ್ಲಿ ಒಂದು ಹಸಿರು, ಒಂದು ಕಂದು ಹುಳು ಸಿಕ್ಕಾಗ ಎರಡು ಜಾತಿಯೆಂದು ಹೆಮ್ಮೆಯಿಂದ ಬರೆದಿಟ್ಟೆ. ಎರಡೂ ಒಂದೇ ಜಾತಿಯವು. ಆ ಪತಂಗದ ಮರಿಗಳು ಬೆಳೆದಾಗ ಎರಡೂ ಬಣ್ಣದಲ್ಲಿ ಇರುತ್ತವಂತೆ. ಇನ್ನೊಂದು, ಕಣಗಿಲೆ, ನಂದಿಬಟ್ಟಲುಗಳನ್ನು ಮೇಯುವ ಹುಳು. ಹಸಿರು ಮೈ, ಮುಂಭಾಗದಲ್ಲಿ ನೀಲಿ ಅಂಚಿನ ಎರಡು ಸುಳ್ಳು ಕಣ್ಣು. ಇದನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ ಎಂದುಕೊಳ್ಳುವಷ್ಟರಲ್ಲಿ, ಕೋಶವಾಗುವ ಮುನ್ನ ಅದೂ ಕಂದಾಗಿ ನನ್ನ ಟಿಪ್ಪಣಿಯನ್ನು ಕೆಡಿಸಿತು. ಅಲ್ಲಿಂದೀಚೆಗೆ ಹುಳುವಿಗಿಂತ ಮೊದಲು ಅದು ಕೂತ ಗಿಡದ ಹೆಸರು ಬರೆಯುತ್ತೇನೆ. ಬಣ್ಣ ಬದಲಿಸುವವರೂ ಊಟ ಬದಲಿಸುವುದು ಕಡಿಮೆ.

ಆದರೆ ಗಿಡವೇ ಇಲ್ಲದೆ ಸಿಕ್ಕರೆ? ಈಚೆಗೆ ಒಂದು ಕಂದು ಹುಳು ಬರಿನೆಲದ ಮೇಲೆ ಬಿರಬಿರನೆ ಹೋಗುತ್ತಿತ್ತು. ಮೇಯುವ ವಯಸ್ಸು ಮುಗಿದಿತ್ತು, ಮಣ್ಣು ಹುಡುಕುವ ಅವಸರ. ಡಬ್ಬಿಗೆ ಮಣ್ಣು ತುಂಬಿ ಒಳಗೆ ಬಿಟ್ಟೆ. ಸಂಜೆಗೆ ಒಳಹೊಕ್ಕು ಮಾಯವಾಯಿತು. ದಿನಗಟ್ಟಲೆ ಮುಚ್ಚಳ ತೆಗೆದು ಇಣುಕಿದೆ. ಮುಚ್ಚಳವನ್ನು ಸರಿಯಾಗಿ ಹಾಕಲು ಮರೆತ ಒಂದೇ ಒಂದು ರಾತ್ರಿಯನ್ನು ಅದು ಆರಿಸಿಕೊಂಡಿತು.

ಬೆಳಿಗ್ಗೆ ಪತಂಗ ಹಾರಿಹೋಗಿತ್ತು. ಬೇಸರದಿಂದ ಮಣ್ಣು ಕೆದಕಿದಾಗ ಕಂದು ಬಣ್ಣದ ಖಾಲಿ ಕೋಶ ಸಿಕ್ಕಿತು. ಅದರ ಮುಂಭಾಗದಿಂದ ಹೂಜಿಯ ಹಿಡಿಯಂತೆ ಬಾಗಿದ ಕೊಳವೆಯೊಂದು ಹೊರಬಂದಿತ್ತು. ಮೈಗಿಂತ ಉದ್ದನೆಯ ನಾಲಿಗೆಯನ್ನು ಮಡಚಿಡಲು ಮಾಡಿಕೊಂಡ ಚೀಲ ಅದು. ಗೆಣಸಿನ ಬಳ್ಳಿಯವನೇ! ಮುಖ ತೋರಿಸದೆ ಹೋದರೂ ನಾಲಿಗೆಯ ಅಳತೆಯನ್ನು ಬಿಟ್ಟುಹೋಗಿದ್ದ. ಟಿಪ್ಪಣಿ ಪುಸ್ತಕ ತೆರೆದು, ಗಿಡದ ಹೆಸರಿನ ಜಾಗದಲ್ಲಿ 'ಡಬ್ಬಿ' ಎಂದು ಬರೆದೆ.