ಅಜ್ಜಿಗೆ ಶಾಲು ಬೇಡ, ಕೆಲಸ ಕೊಡಿ

ಶಾಲೆಗಳಲ್ಲಿ ಈಗ ಗ್ರ್ಯಾಂಡ್‌ಪೇರೆಂಟ್ಸ್ ಡೇ ಮಾಡುತ್ತಾರೆ. ಅಜ್ಜ ಅಜ್ಜಿಯರನ್ನು ಕರೆದು ಶಾಲು ಹೊದಿಸಿ, ಮಕ್ಕಳಿಂದ ನಮಸ್ಕಾರ ಮಾಡಿಸಿ, ಫೋಟೋ ತೆಗೆದು, ತಿಂಡಿ ಕೊಟ್ಟು ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಬೇಡ ಅನ್ನುವುದಿಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ‘ಅಜ್ಜಿ, ನಿಮಗೆ ಏನೇನು ಮಾಡಲು ಬರುತ್ತದೆ?’ ಅಂತ ಒಬ್ಬರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ನಮ್ಮ ಸಾಗರ, ಸೊರಬದ ಕಡೆ ದೀವರು ಅನ್ನುವ ಕೃಷಿಕ ಸಮುದಾಯದ ಮನೆಗಳಲ್ಲಿ, ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದನ್ನು ಒಮ್ಮೆ ನೋಡಿ. ಮಹಾನವಮಿ ಹೊತ್ತಿಗೆ ಬಿದಿರಿನ ಬುಟ್ಟಿ ಜಗಲಿಗೆ ಬರುತ್ತದೆ. ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸುತ್ತಾರೆ. ನೆನೆಸಿದ ಅಕ್ಕಿ ಅರೆದರೆ ಬಿಳಿ ಬಣ್ಣ. ಅದೇ ಅಕ್ಕಿಯನ್ನು ಕರಿ ಆಗುವ ತನಕ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಬೀಜ. ಬ್ರಷ್ ಅಂದರೆ ಪುಂಡಿ ನಾರು.

ಅಜ್ಜಿ ಗೆರೆ ಎಳೆಯುವಾಗ ಮೊಮ್ಮಗಳು ಬುಟ್ಟಿ ಹಿಡಿದು ತಿರುಗಿಸಬೇಕು. ಅವಸರ ಮಾಡಿದರೆ ಗೆರೆ ಸೊಟ್ಟ. ‘ನಿಧಾನ ಮಗಾ, ನಿಧಾನ’ ಅನ್ನುತ್ತಲೇ ಇರುತ್ತಾರೆ ಅಜ್ಜಿ. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಸೋಲುತ್ತದೆ. ಆಗ ನಾರು ಮೊಮ್ಮಗಳ ಕೈಗೆ. ಗೆರೆಗಳ ನಡುವೆ ಸಣ್ಣ ಚುಕ್ಕೆ ಇಡುವುದಕ್ಕೆ ಎಳೆ ಕಣ್ಣೇ ಬೇಕು. ಭತ್ತದ ಸಸಿ, ಎತ್ತಿನ ಗಾಡಿ, ಸಾಲಾಗಿ ನಿಂತ ಜನ ಒಂದೊಂದಾಗಿ ಮೂಡುತ್ತಾ ಹೋಗುತ್ತಾರೆ. ಈ ಬುಟ್ಟಿ ಯಾಕೆ ಗದ್ದೆಗೆ ಹೋಗಬೇಕು ಅಂತ ಹುಡುಗಿ ಕೇಳುತ್ತಾಳೆ. ಭತ್ತ ಈಗ ಬಸುರಿ, ಅವಳಿಗೆ ಬಯಕೆ ಊಟ ತಗೊಂಡು ಹೋಗೋದು ಅಂತ ಅಜ್ಜಿ ಹೇಳುತ್ತಾರೆ. ಸುಮ್ನೆ ಕೂರಿಸಿ ಕಥೆ ಹೇಳಿ ಅಂದರೆ ನೆನಪಾಗದ ಎಷ್ಟೋ ಸಂಗತಿ ಕೈ ಆಡುವಾಗ ತಾನಾಗಿ ಬಾಯಿಗೆ ಬರುತ್ತದೆ.

ಇಲ್ಲಿ ಯಾರೂ ಯಾರಿಗೂ ಗೌರವ ತೋರಿಸಲು ಕೂತಿಲ್ಲ. ಹುಣ್ಣಿಮೆಗೆ ಬುಟ್ಟಿ ಆಗಬೇಕು, ಅಷ್ಟೇ. ಬೆಳಕು ಹರಿಯುವ ಮುಂಚೆ ಅದು ಗದ್ದೆಗೆ ಹೊರಡುತ್ತದೆ. ಅಜ್ಜಿ ಇಲ್ಲದಿದ್ದರೆ ಚಿತ್ತಾರ ಗೊತ್ತಾಗುವುದಿಲ್ಲ, ಮಗು ಇಲ್ಲದಿದ್ದರೆ ಕೆಲಸ ಮುಗಿಯುವುದಿಲ್ಲ. ಆ ಅಗತ್ಯ ನಿಜವಾದದ್ದು. ಮಕ್ಕಳಿಗೆ ಇದು ಗೊತ್ತಾಗುತ್ತದೆ. ಸುಮ್ಮನೆ ಕೂರಿಸಲು ಕೊಟ್ಟ ಕೆಲಸ ಯಾವುದು, ತಾನಿಲ್ಲದೆ ಆಗದ ಕೆಲಸ ಯಾವುದು ಅಂತ ಅವರು ಬೇಗ ಗುರುತಿಸುತ್ತಾರೆ.

ನಮ್ಮ ಕಡೆಯ ಶಾಲೆಯೊಂದರಲ್ಲಿ ಚಿತ್ತಾರ ಸ್ಪರ್ಧೆ ಇಟ್ಟಿದ್ದರು. ಮಕ್ಕಳು ಮೊಬೈಲ್ ನೋಡಿ ಚಾರ್ಟ್ ಪೇಪರಿನ ಮೇಲೆ ಬರೆದರು. ಬದುಕಿಡೀ ಬರೆದ ಕೈಗಳು ಪ್ರೇಕ್ಷಕರ ಸಾಲಿನಲ್ಲಿ ಮಡಿಲಲ್ಲಿದ್ದವು. ಹೊಟ್ಟೆ ಉರಿಯಿತು.

ಮಣ್ಣಿನ ಗೋಡೆ, ಗದ್ದೆ ಇಲ್ಲದ ಊರಿನಲ್ಲೂ ಇದು ಆಗುತ್ತದೆ. ಬೆಂಗಳೂರಿನ ಮಗನ ಫ್ಲಾಟಿನಲ್ಲಿ ಟಿವಿ ಮುಂದೆ ಕೂತ ಧಾರವಾಡದ ಅಜ್ಜಿಗೆ ಕಸೂತಿ ಬರಬಹುದು, ಕೌದಿ ಹೊಲಿಯಲು ಬರಬಹುದು. ಸೂಜಿಗೆ ದಾರ ಪೋಣಿಸಿ ಕೊಡಲು ಪಕ್ಕದ ಮನೆ ಹುಡುಗನೇ ಸಾಕು. ಹುಡುಗಿಯೇ ಆಗಬೇಕು ಅಂತೇನಿಲ್ಲ.

ಭೂಮಿ ಹುಣ್ಣಿಮೆ ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಲ್ಲೇ ಬರುತ್ತದೆ. ಶಿಕ್ಷಕರಲ್ಲಿ ಒಂದು ಕೇಳಿಕೆ. ರಜೆಗೆ ಪ್ರಾಜೆಕ್ಟ್ ಕೊಡಲೇಬೇಕು ಅಂತಿದ್ದರೆ, ಮನೆಯಲ್ಲೋ ಬೀದಿಯಲ್ಲೋ ಇರುವ ಹಿರಿಯರೊಬ್ಬರ ಜೊತೆ ಕೂತು ಕೈಯಾರೆ ಏನಾದರೂ ಮಾಡಿಕೊಂಡು ಬರಲು ಹೇಳಿ. ಅದನ್ನು ಗೋಡೆಗೆ ತೂಗುಹಾಕುವಾಗ ಕೆಳಗೆ ಇಬ್ಬರ ಹೆಸರನ್ನೂ ಬರೆಯಿರಿ.