ಹೊಗೆಯ ಬಣ್ಣ ಆಮೇಲೆ, ಹೊತ್ತು ಮೊದಲು ನೋಡಿ

ಹಳೇ ಗಾಡಿ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿಂದ ಒಂದು ಸಲ ಬುಸ್ ಅಂತ ಹೊಗೆ ಬಂದರೆ ಸಾಕು, ಸುತ್ತ ನಿಂತವರಲ್ಲಿ ಒಬ್ಬರಾದರೂ "ಇಂಜಿನ್ ಹೋಗಿದೆ, ಬೋರ್ ಮಾಡಿಸ್ಬೇಕು" ಅಂತ ತೀರ್ಪು ಕೊಟ್ಟೇ ಬಿಡ್ತಾರೆ. ಬೋರ್ ಅಂದ್ರೆ ಸವೆದ ಸಿಲಿಂಡರನ್ನ ಕೊರೆಸೋ ದೊಡ್ಡ ಕೆಲಸ. ನನ್ನ ತಕರಾರು ಈ ಅವಸರದ ಮೇಲೆ. ಬಿಳಿ, ನೀಲಿ, ಕಪ್ಪು, ಯಾವ ಬಣ್ಣದ ಹೊಗೆಗೆ ಯಾವ ರೋಗ ಅನ್ನೋ ಪಟ್ಟಿ ಎಲ್ಲರಿಗೂ ಬಾಯಿಪಾಠ. ಹೊಗೆ ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಆಮೇಲೆ ಮತ್ತೆ ಬಂತಾ ಅಂತ ಕೇಳೋರೇ ಕಡಿಮೆ. ಹೆಡ್ (ವಾಲ್ವ್‌ಗಳಿರೋ, ಇಂಜಿನ್ನಿನ ಮೇಲಿನ ಭಾಗ) ಕೂಡ ಇಳಿಸದೆ ಮುಗಿಯೋ ಕೆಲಸವಾ, ಫುಲ್ ಇಂಜಿನ್ ಕೆಲಸವಾ ಅನ್ನೋದು ಗೊತ್ತಾಗೋದು ಆ ಪ್ರಶ್ನೆಗಳಿಂದಲೇ.

ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ, ಮಾರುತಿ 800 ಅಂತಲೇ ಇಟ್ಕೊಳ್ಳಿ. ರಾತ್ರಿಯಿಡೀ ನಿಂತಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದ ತಕ್ಷಣ ನೀಲಿ ಹೊಗೆ, ಸ್ವಲ್ಪ ಹೊತ್ತಿಗೆ ಮಾಯ. ಮತ್ತೆ ದಿನವಿಡೀ ಓಡಿಸಿದರೂ ಏನೂ ಇಲ್ಲ. ಇದು ಬಹುಪಾಲು ವಾಲ್ವ್ ಸೀಲಿನ ತೊಂದರೆ. ವಾಲ್ವ್ ಕಡ್ಡಿಯ ಸುತ್ತ ಕೂರೋ, ಬೆರಳ ತುದಿಯಷ್ಟು ರಬ್ಬರ್ ಟೋಪಿ ಅದು. ವರ್ಷಗಟ್ಟಲೆ ಕಾದು ಕಾದು ಗಟ್ಟಿಯಾಗಿರುತ್ತೆ. ಬಿಚ್ಚಿದ ಹಳೇ ಸೀಲನ್ನ ಉಗುರಲ್ಲಿ ಒತ್ತಿ ನೋಡಿ, ಬಗ್ಗೋ ಬದಲು ಕೆಲವು ಚಟ್ ಅಂತ ಮುರಿದೇ ಹೋಗುತ್ತವೆ. ಹೆಡ್ ಮೇಲೆ ನಿಂತ ಆಯಿಲ್ ಆ ಸಂದಿಯಿಂದ ರಾತ್ರಿಯಿಡೀ ಕೆಳಗೆ ಜಿನುಗಿ, ಬೆಳಿಗ್ಗೆ ಉರಿದು ಹೊರಗೆ ಬರುತ್ತೆ. ಅಷ್ಟೇ.

ಅನುಮಾನ ಇದ್ದರೆ ಘಾಟಿಗೆ ಹೋಗಿ. ಆಗುಂಬೆ ಇಳಿಯುವಾಗ ಎರಡನೇ ಗೇರಲ್ಲಿ, ಆಕ್ಸಿಲರೇಟರಿಂದ ಕಾಲು ತೆಗೆದು ಬನ್ನಿ. ಪೆಟ್ರೋಲ್ ಇಂಜಿನ್ನಿಗೆ ಗಾಳಿ ಹೋಗೋ ಇನ್‌ಟೇಕಲ್ಲಿ ಆಗ ಹೀರುವ ಒತ್ತಡ ಜಾಸ್ತಿ, ಸವೆದ ಸೀಲು, ಗೈಡುಗಳ (ವಾಲ್ವ್ ಕಡ್ಡಿ ಜಾರೋ ಕೊಳವೆ) ಮೂಲಕ ಅದು ಆಯಿಲನ್ನ ಒಳಗೆ ಎಳೆಯುತ್ತೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಕನ್ನಡಿಯಲ್ಲಿ ನೀಲಿ ಮೋಡ ಕಂಡರೆ ಅದೇ ರೋಗ. ಘಾಟಿ ಹತ್ತುವಾಗ, ಲೋಡ್ ಬಿದ್ದಾಗೆಲ್ಲ ನೀಲಿ ಹೊಗೆ ಬಿಡ್ತಾ ಹೋಗುತ್ತೆ, ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಸರಸರ ಇಳಿದಿದೆ, ಇಂಜಿನ್ ಓಡ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳಿದ ಹೊಗೆ) ಜೋರಾಗಿ ಉಗುಳುತ್ತೆ ಅಂದ್ರೆ ಆಗ ಪಿಸ್ಟನ್ ಸುತ್ತ ಕೂರೋ ರಿಂಗು, ಬೋರಿನ ಮಾತು ಆಡೋಣ.

ಆಗಲೂ ಅಳೆದು ನೋಡಿ ಆಡೋಣ. ಸ್ಪಾರ್ಕ್ ಪ್ಲಗ್ ತೆಗೆದು ಗೇಜ್ ಹಾಕಿ ಕಂಪ್ರೆಷನ್, ಅಂದ್ರೆ ಸಿಲಿಂಡರೊಳಗಿನ ಒತ್ತಡ, ನೋಡೋದು, ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡೋದು. ಒತ್ತಡ ಏರಿದರೆ ರಿಂಗಿನ ಸವೆತ, ಏರದಿದ್ದರೆ ವಾಲ್ವ್ ಕಡೆ ಅಥವಾ ಹೆಡ್ ಅಡಿಗೆ ಕೂರೋ ಗ್ಯಾಸ್ಕೆಟ್ ಪಟ್ಟಿಯ ಕಡೆ ನೋಡಬೇಕು. ಇದಕ್ಕೆ ಅರ್ಧ ದಿನವೂ ಬೇಡ. ಆದರೂ ನಾನು ನೋಡಿದ ಎಷ್ಟೋ ಗ್ಯಾರೇಜಲ್ಲಿ ಗೇಜ್ ಹೊರಗೆ ಬರೋದೇ ಇಲ್ಲ, "ಅಣ್ಣಾ, ಹೆಂಗೂ ಹೆಡ್ ಇಳಿಸ್ತೀವಿ, ಹಾಫ್ ಇಂಜಿನ್ ಮಾಡ್ಬಿಡೋಣ" ಅನ್ನೋ, ಅಂದ್ರೆ ಅರ್ಧ ಇಂಜಿನ್ ಬಿಚ್ಚಿ ರಿಪೇರಿ ಮಾಡೋ ಮಾತು ಬರುತ್ತೆ. ಬರೀ ಸೀಲಿಗೆ ಹೆಡ್ ಇಳಿಸಲೇಬೇಕು ಅಂತಿಲ್ಲ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ ಪಿಸ್ಟನ್ ಮೇಲೆ ತಂದರೆ, ವಾಲ್ವ್ ಒಳಗೆ ಬೀಳದಂತೆ ಹಗ್ಗವೇ ಒತ್ತಿ ಹಿಡಿಯುತ್ತೆ. ಮೇಲಿಂದ ಸ್ಪ್ರಿಂಗ್ ತೆಗೆದು ಹೊಸ ಸೀಲ್ ಕೂರಿಸಬಹುದು. ಕಂಪ್ರೆಸರ್ ಗಾಳಿ ಕೊಟ್ಟೂ ಮಾಡ್ತಾರೆ.

ಡೀಸೆಲ್ಲಿನ ವ್ಯವಹಾರವೇ ಬೇರೆ. ನಮ್ಮ ಬಿಡದಿಯಲ್ಲೇ 2000ದಿಂದ 2005ರವರೆಗೆ ತಯಾರಾದ ಟೊಯೋಟಾ ಕ್ವಾಲಿಸ್ ಇವತ್ತೂ ರಸ್ತೆ ಮೇಲಿದೆ. ಅದರ 2.4 ಲೀಟರ್ ಇಂಜಿನ್ ಹಳೇ ಕಾಲದ ಇನ್‌ಡೈರೆಕ್ಟ್ ಇಂಜೆಕ್ಷನ್ನಿಂದು, ಡೀಸೆಲ್ ನೇರ ಸಿಲಿಂಡರಿಗಲ್ಲ, ಪಕ್ಕದ ಸಣ್ಣ ಕೋಣೆಗೆ ಚಿಮ್ಮುತ್ತೆ. ತಣ್ಣಗಿದ್ದಾಗ ಡೀಸೆಲ್ ಸರಿಯಾಗಿ ಹತ್ತಿಕೊಳ್ಳಬೇಕಾದರೆ ಒಳಗೆ ಕಾಯಿಸಿಕೊಡೋ ಹೀಟರ್ ಪ್ಲಗ್ ಬೇಕು. ನಾಲ್ಕರಲ್ಲಿ ಒಂದೆರಡು ಸತ್ತರೆ ಗಾಡಿ ಕುಂಟುತ್ತಾ ಸ್ಟಾರ್ಟ್ ಆಗುತ್ತೆ, ಕಣ್ಣು ಉರಿಯೋ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತೆ, ಎಲ್ಲಾ ಸಿಲಿಂಡರ್ ಹತ್ತಿಕೊಂಡ ಮೇಲೆ ನಿಲ್ಲುತ್ತೆ. ಡಿಸೆಂಬರಿನ ಮಡಿಕೇರಿಯಲ್ಲಿ ಇಡೀ ಬೀದಿಗೆ ಗೊತ್ತಾಗೋ ಈ ತೊಂದರೆ ಮೇ ತಿಂಗಳ ರಾಯಚೂರಲ್ಲಿ ಓನರಿಗೇ ಗೊತ್ತಾಗದೆ ಇರಬಹುದು. ಪ್ಲಗ್‌ಗಳನ್ನ ಜೋಡಿಸಿರೋ ಪಟ್ಟಿ ಬಿಚ್ಚಿ, ಬ್ಯಾಟರಿ ಪ್ಲಸ್ಸಿಂದ ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದನ್ನೇ ಮುಟ್ಟಿಸಿ. ಲ್ಯಾಂಪ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ಪ್ಲಗ್ ಸರಿ ಇದ್ದೂ ಹೊಗೆ ಬಂದರೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ನೋಡಿ, ಆಮೇಲೆ ಕಂಪ್ರೆಷನ್.

ಪೆಟ್ರೋಲ್ ಗಾಡಿಯ ಬೆಳಗಿನ ತೆಳು ಬಿಳಿ ಹೊಗೆಗೆ ಹೆದರಬೇಡಿ, ಅದು ನೀರಾವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತೆ. ಬಿಸಿಯಾದ ಮೇಲೂ ದಟ್ಟವಾಗಿ ಬರ್ತಿದ್ದರೆ, ರೇಡಿಯೇಟರ್ ನೀರು ಕಾರಣವಿಲ್ಲದೆ ಕಮ್ಮಿಯಾಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ಕೂಲೆಂಟ್ ಸುಟ್ಟರೆ ಸಿಹಿ ವಾಸನೆ ಬರುತ್ತೆ ಅಂತಾರೆ, ನಿಜ. ಆದರೆ ನಮ್ಮಲ್ಲಿ ಬೋರ್‌ವೆಲ್ ನೀರು ತುಂಬಿಸಿ ಓಡಿಸೋರೇ ಜಾಸ್ತಿ, ಅದಕ್ಕೆಲ್ಲಿಯ ಸಿಹಿ? ಇಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ಗುಳ್ಳೆ ಒಂದೇ ಸಮನೆ ಏಳ್ತಿದೆಯಾ ನೋಡಿ. ಏಳ್ತಿದ್ದರೆ ಗ್ಯಾಸ್ಕೆಟ್ ಮೇಲಿನ ಅನುಮಾನ ಗಟ್ಟಿ.

ಗಾಡಿ ಕೊಳ್ಳೋಕೆ ಹೋದಾಗ ಇದ್ಯಾವುದೂ ಕಾಣದಂತೆ ಮಾಡೋದು ತುಂಬ ಸುಲಭ. ಹತ್ತು ನಿಮಿಷ ಮೊದಲೇ ಸ್ಟಾರ್ಟ್ ಮಾಡಿಟ್ಟರೆ ಆಯ್ತು. "ಎಸಿ ಚೆಕ್ ಮಾಡ್ತಿದ್ದೆ ಸಾರ್" ಅಂದಾಗ ನಗುತ್ತಾ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ, "ನಾಳೆ ಬೆಳಿಗ್ಗೆ ಬರ್ತೀನಿ, ಅಲ್ಲಿವರೆಗೆ ಮುಟ್ಟಬೇಡಿ" ಅನ್ನಿ. ಒಪ್ಪದಿದ್ದರೆ ಬೇರೆ ಗಾಡಿ ನೋಡಿ. ಬೆಳಿಗ್ಗೆ ಸೆಲ್ಫ್ ಹೊಡೆಯೋವಾಗ ಒಬ್ಬರು ಸೈಲೆನ್ಸರ್ ಹಿಂದೆ ಸ್ವಲ್ಪ ದೂರಕ್ಕೆ ಬಿಳಿ ಹಾಳೆ ಹಿಡಿಯಲಿ. ನೀರಿನ ಹನಿ ಒಣಗುತ್ತೆ, ಆಯಿಲ್ ಜಿಡ್ಡು ಕಲೆಯಾಗಿ ಉಳಿಯುತ್ತೆ. ಎಮಿಷನ್ ಸರ್ಟಿಫಿಕೇಟ್ ತೋರಿಸಿದರೆ ಸಂತೋಷ, ಆದರೆ ಆ ಪರೀಕ್ಷೆ ಮಾಡೋದು ಬಿಸಿಯಾದ ಇಂಜಿನ್ ಮೇಲೆ. ಬೆಳಗಿನ ಹೊಗೆ ಅದರಲ್ಲಿ ದಾಖಲಾಗೋದೇ ಇಲ್ಲ.

ಸೀಲ್ ಹೋದ ಗಾಡಿಯನ್ನ ಬೇಡ ಅಂತ ನಾನು ಹೇಳೋದಿಲ್ಲ. ರೇಟಲ್ಲಿ ಆ ಖರ್ಚು ಮುರಿದುಕೊಂಡು ಧೈರ್ಯವಾಗಿ ತಗೊಳ್ಳಿ. ಶಿವಮೊಗ್ಗ, ಮೈಸೂರು ಕಡೆ ಹೆಡ್ ಇಳಿಸದೆ ಸೀಲ್ ಹಾಕೋ ಮೆಕ್ಯಾನಿಕ್ ಇದ್ದರೆ ಗ್ಯಾರೇಜ್ ಎಲ್ಲಿದೆ ಅಂತ ಕಾಮೆಂಟಲ್ಲಿ ಹಾಕಿ, ಕೇಳ್ತಿರೋರು ತುಂಬ ಜನ ಇದ್ದಾರೆ.