'ಹಾಯ್' ಅಂದವರು ಎಲ್ಲಿ ಹೋದರು?

ಮಧ್ಯಾಹ್ನ ಮೂರು ಗಂಟೆ. ಆಫೀಸ್ ಚಾಟ್‌ನಲ್ಲಿ ಟಣ್ ಅಂತ ಸದ್ದು. 'ಹಾಯ್'. ಅಷ್ಟೇ. ಹಿಂದಿಲ್ಲ, ಮುಂದಿಲ್ಲ.

ಏನು ಕೆಲಸವೋ, ಎಷ್ಟು ಅವಸರವೋ. ನೀವೂ 'ಹಾಯ್' ಅನ್ನುತ್ತೀರಿ. ಆ ಕಡೆ ಮೂರು ಚುಕ್ಕೆ ಕುಣಿಯುತ್ತವೆ, ನಿಲ್ಲುತ್ತವೆ, ಮತ್ತೆ ಕುಣಿಯುತ್ತವೆ. ಇಷ್ಟು ಹೊತ್ತು ಟೈಪ್ ಮಾಡ್ತಿದಾರೆ ಅಂದರೆ ರಾಜೀನಾಮೆ ಪತ್ರವೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಬರುತ್ತದೆ: 'ಹೇಗಿದೀರಿ?' ಚೆನ್ನಾಗೇ ಇದ್ದೆವು ಮಾರಾಯ್ರೇ, ಮೂರು ಗಂಟೆವರೆಗೆ. 'ಫೈನ್, ಹೇಳಿ' ಅಂದರೆ 'ಬ್ಯುಸಿನಾ?' ಇಲ್ಲ ಅಂದರೆ 'ಒಂದು ಸಣ್ಣ ಹೆಲ್ಪ್ ಬೇಕಿತ್ತು.' ಬೇಕಿತ್ತು! ಅಲ್ಲಿಗೆ ಹಸಿರು ಚುಕ್ಕೆ ಹಳದಿಗೆ ತಿರುಗುತ್ತದೆ. ಪುಣ್ಯಾತ್ಮ ಕಾಫಿಗೆ ಎದ್ದುಹೋಗಿದ್ದಾನೆ. ನಾಲ್ಕೂವರೆಗೆ ಕಡೆಗೂ ಬಾಯಿ ಬಿಡುತ್ತಾನೆ: 'ಹೋದ ತಿಂಗಳ ಜಿಎಸ್‌ಟಿ ಶೀಟ್ ಯಾವ ಫೋಲ್ಡರ್‌ನಲ್ಲಿದೆ?'

ಒಂದು ಲಿಂಕ್ ಅಂಟಿಸಿದರೆ ಮುಗಿಯುತ್ತಿದ್ದ ಕೆಲಸ.

ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ನಮ್ಮ ಊರುಗಳಲ್ಲಿ ಹೊಸಿಲು ದಾಟಿದ ಕೂಡಲೇ ಯಾರೂ ಸಾಲ ಕೇಳುವುದಿಲ್ಲ. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮುಗಿದು, ಚಪ್ಪಲಿ ಮೆಟ್ಟುವಾಗ 'ಅಂದಹಾಗೆ' ಅನ್ನುತ್ತಾರೆ. 'ಹಾಯ್' ಆ ಮರ್ಯಾದೆಯ ಮೊಮ್ಮಗನೇ. ಆದರೆ ಅಲ್ಲಿ ಎದುರಿಗೊಂದು ಮುಖವಿತ್ತು; ಇವತ್ತು ಬೇಡ ಅಂತ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಈಗ ಪಕ್ಕದ ಸೀಟಿನವರೂ ಹೆಡ್‌ಫೋನ್ ಏರಿಸಿಕೊಂಡು ಚಾಟ್‌ನಲ್ಲೇ ಸಿಗುತ್ತಾರೆ.

ಮರ್ಯಾದೆ ಬಿಡಬೇಕಿಲ್ಲ, ಒಂದೇ ಮೆಸೇಜಿನಲ್ಲಿ ತುಂಬಿದರಾಯಿತು: 'ಸರ್, ಊಟ ಆಯ್ತಾ? ಜೂನ್ ತಿಂಗಳ ಜಿಎಸ್‌ಟಿ ಶೀಟಿನ ಲಿಂಕ್ ಬೇಕಿತ್ತು. ಆಡಿಟರ್‌ಗೆ ಇವತ್ತು ಐದಕ್ಕೆ ಕಳಿಸಬೇಕು. ಫೈನಾನ್ಸ್ ಫೋಲ್ಡರ್‌ನಲ್ಲಿ ಹುಡುಕಿದೆ, ಮೇ ತಿಂಗಳದ್ದು ಮಾತ್ರ ಇದೆ.' ಏನು ಬೇಕು, ಯಾವಾಗ ಬೇಕು, ಎಲ್ಲೆಲ್ಲಿ ಹುಡುಕಿದಿರಿ, ಮೂರೂ ಬಂತು. ಓದಿದವರು ಒಂದೇ ಉತ್ತರದಲ್ಲಿ ಕೈತೊಳೆದುಕೊಳ್ಳಬಹುದು.

ಯಾರು ಓದುತ್ತಾರೆ ಅನ್ನುವುದು ಇನ್ನೊಂದು ರಗಳೆ. ಐಟಿ ಸಪೋರ್ಟ್‌ನವರಿಗೆ 'ಲ್ಯಾಪ್‌ಟಾಪ್ ಕೆಲಸ ಮಾಡ್ತಿಲ್ಲ' ಅಂದರೆ ಅವರೇನು ಅಂಜನ ಹಾಕಿ ನೋಡಬೇಕೇ? ಅಡಿಯಲ್ಲಿ ಅಂಟಿಸಿರುವ ಅಸೆಟ್ ನಂಬರ್, ಎರರ್‌ನ ಅಕ್ಷರಗಳು, ಶುರುವಾದ ಹೊತ್ತು, ಇಷ್ಟು ಬೇಕು. ಎರರ್ ಅನ್ನು ಕಾಪಿ ಮಾಡಿ ಅಂಟಿಸಿ. ಪರದೆಗೆ ಮೊಬೈಲ್ ಹಿಡಿದು, ಟ್ಯೂಬ್‌ಲೈಟ್ ಪ್ರತಿಫಲನದ ಸಮೇತ ಫೋಟೋ ಹೊಡೆದು ಕಳಿಸಿದರೆ ಅದನ್ನು ಸರ್ಚ್‌ಗೆ ಹಾಕುವುದು ಹೇಗೆ? ಅಕೌಂಟ್ಸ್‌ನವರಿಗೆ ಇನ್‌ವಾಯ್ಸ್ ನಂಬರ್, ತಾರೀಖು, ಮೊತ್ತ. ಮ್ಯಾನೇಜರ್‌ಗೆ ಮೊದಲ ಸಾಲಿನಲ್ಲೇ ಅವರು ಹೇಳಬೇಕಾದ 'ಹೂಂ' ಅಥವಾ 'ಊಹೂಂ' ಯಾವುದಕ್ಕೆ ಅಂತ. ಇತಿಹಾಸ ಕೆಳಗಿರಲಿ, ಅವರು ಅಲ್ಲಿಗೆ ಇಳಿಯುವುದಿಲ್ಲ.

ಅಮೆರಿಕದ ತಂಡ ಇದ್ದರಂತೂ ಕೇಳಲೇಬೇಡಿ. '04/05ಕ್ಕೆ ರಿಲೀಸ್' ಅಂದರೆ ಬೆಂಗಳೂರಿನಲ್ಲಿ ಮೇ 4, ಅಲ್ಲಿ ಏಪ್ರಿಲ್ 5. ತಿಂಗಳ ಹೆಸರು ಬರೆಯಲು ಎಷ್ಟು ಬೆರಳು ಸವೆಯುತ್ತದೆ? 'ಇಒಡಿ', ಅಂದರೆ 'ಎಂಡ್ ಆಫ್ ಡೇ', ದಿನದ ಕೊನೆಯೊಳಗೆ ಅನ್ನುವುದು, ಇನ್ನೂ ಚೆಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯ ಸಂಜೆ ಐದು ಅಂದರೆ ಇಲ್ಲಿ ಮರುದಿನ ಬೆಳಗಿನ ಜಾವ ಐದೂವರೆ, ಚಳಿಗಾಲದಲ್ಲಿ ಆರೂವರೆ. ಯಾರ ದಿನದ ಕೊನೆ ಸ್ವಾಮಿ?

ಇನ್ನು 'ರಿಪ್ಲೈ ಆಲ್', ಮೇಲ್ ಬಂದವರೆಲ್ಲರಿಗೂ ಒಟ್ಟಿಗೇ ಉತ್ತರ ಕಳಿಸುವ ಬಟನ್. 1997ರಲ್ಲಿ ಮೈಕ್ರೋಸಾಫ್ಟ್‌ನಲ್ಲೇ ಸುಮಾರು 13,000 ಜನರಿದ್ದ ಒಂದು ಮೇಲ್ ಪಟ್ಟಿಗೆ ಯಾರೋ 'ನನ್ನನ್ನು ಯಾಕೆ ಸೇರಿಸಿದ್ದೀರಿ, ತೆಗೆಯಿರಿ' ಎಂದರು. 'ನನ್ನನ್ನೂ', 'ನನ್ನನ್ನೂ' ಅಂತ ಉಳಿದವರೂ ಎಲ್ಲರಿಗೂ ಬರೆದು, ಮೇಲ್ ವ್ಯವಸ್ಥೆಯೇ ಕುಸಿದು ಕೂತಿತು. ಮೇಲ್ ಸಾಫ್ಟ್‌ವೇರ್ ಮಾಡುವವರ ಮನೆಯಲ್ಲೇ ಹೀಗೆ!

ಹೆಸರುಗಳನ್ನು ಬಿಸಿಸಿಗೆ, ಅಂದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣದ ಸಾಲಿಗೆ, ಹಾಕಿದರೆ ಯಾರು 'ರಿಪ್ಲೈ ಆಲ್' ಒತ್ತಿದರೂ ಬಿಸಿಸಿಯಲ್ಲಿರುವ ಉಳಿದವರಿಗೆ ಅದು ಹೋಗುವುದಿಲ್ಲ. ಆದರೂ ಅಡ್ಮಿನ್‌ನವರು 'ನಾಳೆ ಹತ್ತರಿಂದ ಹನ್ನೆರಡರವರೆಗೆ ಕರೆಂಟ್ ಇರುವುದಿಲ್ಲ' ಅನ್ನುವುದನ್ನು ಎಲ್ಲರಿಗೂ ಕಾಣುವ 'ಟು' ಸಾಲಿನಲ್ಲೇ ಇಡೀ ಕಟ್ಟಡಕ್ಕೆ ಕಳಿಸುತ್ತಾರೆ. ಸಂಜೆವರೆಗೆ 'ನೋಟೆಡ್', 'ನೋಟೆಡ್ ವಿತ್ ಥ್ಯಾಂಕ್ಸ್', ಹೆಬ್ಬೆರಳು, ಕೈಮುಗಿದ ಚಿತ್ರ. ಅದರ ನಡುವೆ ಎಲ್ಲೋ ಒಬ್ಬರು ಮಾತ್ರ ಕೇಳಿರುತ್ತಾರೆ: 'ಯಾವ ಫ್ಲೋರ್‌ಗೆ?' ಅದಕ್ಕೆ ಮಾತ್ರ ಉತ್ತರ ಬಂದಿರುವುದಿಲ್ಲ.